ನಿಂತಲ್ಲೇ ತುಕ್ಕು ಹಿಡಿದ ಟ್ರೇಲರ್: ದೋಷ ಲೋಹದ್ದೋ, ಆರೈಕೆಯದ್ದೋ?

ಪ್ರಶ್ನೆ: ನಮ್ಮದು ಹನ್ನೊಂದು ವರ್ಷ ಹಳೆಯ ಟ್ರಾವೆಲ್ ಟ್ರೇಲರ್, ಎಂದರೆ ವಾಹನದ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ. ಹೊಸದಾಗಿ ಕೊಂಡ ಮೇಲೆ ಆರು ವರ್ಷ ಚೆನ್ನಾಗಿ ಓಡಾಡಿದೆವು. ಕೊನೆಯ ಬಾರಿ ಸಮುದ್ರ ತೀರಕ್ಕೆ ಹೋಗಿ ಬಂದು, ಮನೆಯ ಪಕ್ಕದ ಹುಲ್ಲಿನ ಜಾಗದಲ್ಲಿ ಟಾರ್ಪಾಲಿನ್ ಹೊದಿಸಿ ನಿಲ್ಲಿಸಿದ್ದು, ಐದು ವರ್ಷ ಮುಟ್ಟಲೇ ಇಲ್ಲ. ಈಗ ನೋಡಿದರೆ ಚಾವಣಿಯ ಅಂಚಿನಿಂದ ಕಿತ್ತಳೆ ಬಣ್ಣದ ಗೆರೆಗಳು ಇಳಿದಿವೆ, ಅಲ್ಯೂಮಿನಿಯಂ ತಗಡಿನ ಕೆಳಭಾಗದಲ್ಲಿ ಬಿಳಿ ಪುಡಿಯೂ ಸಣ್ಣ ರಂಧ್ರಗಳೂ ಕಾಣುತ್ತಿವೆ, ಅಡಿಯ ಉಕ್ಕಿನ ಚೌಕಟ್ಟು ಹಕ್ಕಳೆ ಹಕ್ಕಳೆಯಾಗಿ ಏಳುತ್ತಿದೆ, ಬಾಗಿಲ ಬಳಿ ನೆಲ ಮೆತ್ತಗಾಗಿದೆ, ಹಿಂದಿನ ಒಂದು ದೀಪ ಉರಿಯುತ್ತಿಲ್ಲ. ಓಡಿಸದೆ ಇಟ್ಟ ಗಾಡಿ ಇಷ್ಟೊಂದು ಹಾಳಾದದ್ದು ಹೇಗೆ? ತಯಾರಕರು ಕಳಪೆ ಲೋಹ ಬಳಸಿದ್ದಾರೆಯೇ, ಅಥವಾ ತಪ್ಪು ನಮ್ಮದೇ? ಇದನ್ನು ಉಳಿಸಿಕೊಳ್ಳಬಹುದೇ?

ಉತ್ತರ: ಸಮುದ್ರ ತೀರ, ಹುಲ್ಲು, ಟಾರ್ಪಾಲಿನ್, ಐದು ವರ್ಷ. ನಿಮ್ಮ ಪ್ರಶ್ನೆಯಲ್ಲಿರುವ ಈ ನಾಲ್ಕು ಮಾತುಗಳಲ್ಲೇ ಉತ್ತರದ ಮುಕ್ಕಾಲು ಪಾಲು ಅಡಗಿದೆ. ತಯಾರಕರ ಪಾಲು ಇಲ್ಲವೆಂದು ನಾನು ಹೇಳುವುದಿಲ್ಲ. ಅದನ್ನು ಮುಂದೆ ಹೇಳುತ್ತೇನೆ. ಆದರೆ ನೀವು ಪಟ್ಟಿ ಮಾಡಿರುವ ಐದು ಲಕ್ಷಣಗಳಲ್ಲಿ ಒಂದೊಂದಕ್ಕೂ ತಡೆಯಬಹುದಾಗಿದ್ದ ಒಂದೊಂದು ಕಾರಣವಿದೆ, ಮತ್ತು ಆ ಕಾರಣಗಳೆಲ್ಲ ಸೇರುವುದು ಒಂದೇ ಕಡೆ: ಒಳಗೆ ಬಂದ ನೀರಿಗೆ ಹೊರಗೆ ಹೋಗುವ ದಾರಿ ಸಿಗಲಿಲ್ಲ.

ಲೋಹಕ್ಕೆ ತುಕ್ಕು ಹಿಡಿಯುವುದು ವಯಸ್ಸಿನ ಲೆಕ್ಕದಲ್ಲಲ್ಲ, ಒದ್ದೆಯಾಗಿ ಕಳೆದ ಗಂಟೆಗಳ ಲೆಕ್ಕದಲ್ಲಿ. ವಾತಾವರಣದಿಂದಾಗುವ ತುಕ್ಕಿನ ತೀವ್ರತೆಯನ್ನು ವಿಂಗಡಿಸುವ ಐಎಸ್‌ಒ 9223 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಇದಕ್ಕೊಂದು ಅಳತೆಯೇ ಇದೆ: ಉಷ್ಣತೆ 0 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದು, ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 80ನ್ನು ಮೀರಿದ ಗಂಟೆಗಳನ್ನು ಒದ್ದೆಯ ಗಂಟೆಗಳೆಂದು ಎಣಿಸುತ್ತಾರೆ. ಓಡಾಡುವ ಟ್ರೇಲರ್ ಮಳೆಯಲ್ಲಿ ನೆನೆದರೂ ರಸ್ತೆಯ ಗಾಳಿಗೆ ಅರ್ಧ ದಿನದಲ್ಲಿ ಒಣಗುತ್ತದೆ. ಅದರ ಕಿಟಕಿಗಳು ತೆರೆಯುತ್ತವೆ, ಒಳಗೆ ಯಾರೋ ಮಲಗುತ್ತಾರೆ, ಹಾಸಿಗೆಯ ಮೂಲೆ ತೇವವಾದರೆ ಕೈಗೆ ತಗಲುತ್ತದೆ. ನಿಂತ ಟ್ರೇಲರ್‌ನಲ್ಲಿ ಇದಾವುದೂ ನಡೆಯುವುದಿಲ್ಲ. ಆದ್ದರಿಂದ ಓಡಿಸದೆ ಇಟ್ಟರೂ ಹಾಳಾಯಿತಲ್ಲ ಎಂದು ನೀವು ಅಚ್ಚರಿಪಡುತ್ತಿದ್ದೀರಿ, ನಾನಾದರೆ ಓಡಿಸದೆ ಇಟ್ಟದ್ದರಿಂದಲೇ ಹಾಳಾಯಿತು ಎನ್ನುತ್ತೇನೆ.

ತಯಾರಕರ ಪಾಲನ್ನು ಮೊದಲು ಮುಗಿಸಿಬಿಡೋಣ. ಯುರೋಪಿನಲ್ಲಿ ಕ್ಯಾರವಾನ್ ಎಂದು ಕರೆಯುವ ಇಂಥ ಗಾಡಿಗಳಲ್ಲಿ ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಚಾಸಿ, ಅಂದರೆ ಅಡಿಯ ಉಕ್ಕಿನ ಚೌಕಟ್ಟು, ಬಹಳ ಸಾಮಾನ್ಯ. ಉತ್ತರ ಅಮೆರಿಕದ ಹೆಚ್ಚಿನ ಟ್ರಾವೆಲ್ ಟ್ರೇಲರ್‌ಗಳಲ್ಲಿ ಇರುವುದು ಸಾದಾ ಉಕ್ಕಿಗೆ ಕಪ್ಪು ಬಣ್ಣ ಬಳಿದ ಚೌಕಟ್ಟು. ಸತುವಿನ ಪದರ ಗೀಚಿಹೋದರೂ ಸುತ್ತಲಿನ ಸತು ತಾನು ಸವೆದು ಉಕ್ಕನ್ನು ಕಾಯುತ್ತದೆ. ಬಣ್ಣಕ್ಕೆ ಆ ಗುಣವಿಲ್ಲ, ಅದು ಹರಿದಲ್ಲಿ ಉಕ್ಕು ಬರಿಮೈಯಲ್ಲಿ ನಿಲ್ಲುತ್ತದೆ. ಬೆಸುಗೆಯ ಪಕ್ಕದಲ್ಲಿ ಸಿಡಿದ ಲೋಹದ ಕಣಗಳ ಮೇಲೆ ಬಣ್ಣ ಸರಿಯಾಗಿ ಕೂರುವುದಿಲ್ಲ, ಚಕ್ರಗಳ ಹಿಂಭಾಗದಲ್ಲಿ ಕಲ್ಲುಚೂರು ಬಡಿದು ಬಣ್ಣ ಬೇಗ ಎದ್ದುಹೋಗುತ್ತದೆ. ಹೊಸ ಗಾಡಿಯಲ್ಲೂ ಎರಡನೆಯ ವರ್ಷದ ಹೊತ್ತಿಗೆ ಈ ಜಾಗಗಳಲ್ಲಿ ಕಂದು ಚುಕ್ಕೆಗಳು ಕಾಣುವುದು ಇದರಿಂದಲೇ. ಇಂತಹ ಚೌಕಟ್ಟನ್ನು ಕೊಟ್ಟವರು ಮಾಲೀಕನ ಮೇಲೆ ಒಂದು ಕೆಲಸವನ್ನೂ ಹೊರಿಸಿರುತ್ತಾರೆ, ಆದರೆ ಅದನ್ನು ಮಾರುವಾಗ ಬಾಯಿಬಿಟ್ಟು ಹೇಳುವವರು ಕಡಿಮೆ. ವರ್ಷಕ್ಕೊಮ್ಮೆ ಗಾಡಿಯ ಅಡಿಗೆ ಹೋಗಿ, ಆ ಚುಕ್ಕೆಗಳನ್ನು ತಂತಿಬ್ರಷ್‌ನಿಂದ ಉಜ್ಜಿ, ಪ್ರೈಮರ್ ಮತ್ತು ಬಣ್ಣ ಹಚ್ಚಿದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವುದು ಹೀಗೆಯೇ.

ಈಗ ಚಾವಣಿಯ ಅಂಚಿನ ಕಿತ್ತಳೆ ಗೆರೆಗಳಿಗೆ ಬರುತ್ತೇನೆ, ಏಕೆಂದರೆ ಉಳಿದ ಹಾನಿಯ ಬಹುಪಾಲು ಅಲ್ಲಿಂದಲೇ ಇಳಿದು ಬಂದಿರುತ್ತದೆ. ಗೋಡೆಯ ತಗಡೂ ಚಾವಣಿಯ ಹೊದಿಕೆಯೂ ಕೂಡುವ ಮೂಲೆಯ ಮೇಲೆ ಉದ್ದಕ್ಕೂ ಒಂದು ಅಲ್ಯೂಮಿನಿಯಂ ಪಟ್ಟಿಯನ್ನು ಸಾಲು ಸಾಲು ಸ್ಕ್ರೂಗಳಿಂದ ಬಿಗಿದಿರುತ್ತಾರೆ. ಪಟ್ಟಿಯ ಕೆಳಗೆ ಬ್ಯುಟೈಲ್ ಟೇಪ್ ಎಂಬ ಅಂಟಂಟಾದ ಪದರವಿರುತ್ತದೆ. ಸ್ಕ್ರೂಗಳ ತಲೆ ಕಾಣದಂತೆ ಪಟ್ಟಿಯ ನಡುವಿನ ತೋಡಿಗೆ ಒಂದು ವಿನೈಲ್ ಎಳೆಯನ್ನು ಒತ್ತಿ ಕೂರಿಸಿರುತ್ತಾರೆ. ಬಿಸಿಲಿಗೆ ಆ ವಿನೈಲ್ ಗಟ್ಟಿಯಾಗಿ ಕುಗ್ಗುತ್ತದೆ, ತುದಿಗಳಲ್ಲಿ ಬೆರಳಗಲ ಹಿಂದೆ ಸರಿಯುತ್ತದೆ. ಅಲ್ಲಿಂದ ಮಳೆನೀರು ತೋಡಿನೊಳಗೆ ಇಳಿದು, ಕಾಲುವೆಯಲ್ಲಿ ನಿಂತಂತೆ ಸ್ಕ್ರೂಗಳ ತಲೆಯ ಸುತ್ತ ನಿಲ್ಲುತ್ತದೆ. ಹೊರಗಿನಿಂದ ನೋಡುವವರಿಗೆ ವಿನೈಲ್ ಎಳೆ ಇದ್ದಲ್ಲೇ ಇರುವಂತೆ ಕಾಣುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಬಳಿಗೆ ಬಂದ ಒಂದು ಟ್ರೇಲರ್‌ನಲ್ಲಿ ಆ ಎಳೆಯನ್ನು ಒಂದು ತುದಿಯಿಂದ ಹಿಡಿದು ಎಳೆದಾಗ ಅದರ ಹಿಂದೆಯೇ ಕಂದು ನೀರು ಹನಿಯಿತು. ಮಳೆ ಬಂದು ನಾಲ್ಕು ದಿನವಾಗಿತ್ತು. ಸ್ಕ್ರೂಗಳನ್ನು ಬಿಚ್ಚಲೆಂದು ಹೊರಟರೆ ಮೊದಲ ಹತ್ತರಲ್ಲಿ ಆರರ ತಲೆಯೇ ಇರಲಿಲ್ಲ. ಉಳಿದವು ತಿರುಗಿಸುವ ಮೊದಲೇ ಬೆರಳಿಗೆ ಕಿತ್ತು ಬಂದವು, ಏಕೆಂದರೆ ಅವು ಕಚ್ಚಿಕೊಂಡಿದ್ದ ಮರ ನೆನೆಸಿದ ರಸ್ಕಿನಂತೆ ಆಗಿತ್ತು. ಪಟ್ಟಿಯನ್ನು ಹಿಡಿದಿದ್ದದ್ದು ಬಣ್ಣ ಮತ್ತು ಒಣಗಿದ ಬ್ಯುಟೈಲ್ ಮಾತ್ರ. ಮಾಲೀಕರು ಆ ಗಾಡಿಯನ್ನು ಪ್ರತಿ ತಿಂಗಳೂ ಮೇಣ ಹಚ್ಚಿ ಹೊಳೆಯುವಂತೆ ಇಟ್ಟಿದ್ದರು. ಮೇಲೆ ತಳಕು, ಒಳಗೆ ಹುಳುಕು ಎಂಬ ಮಾತು ಆ ದಿನ ಮನಸ್ಸಿಗೆ ಬಂದು ಬಹಳ ಬೇಸರವಾಯಿತು, ಏಕೆಂದರೆ ಅವರು ಗಾಡಿಯನ್ನು ನಿಜವಾಗಿಯೂ ಪ್ರೀತಿಸುತ್ತಿದ್ದರು. ಎಲ್ಲಿ ನೋಡಬೇಕೆಂದು ಅವರಿಗೆ ಯಾರೂ ತೋರಿಸಿರಲಿಲ್ಲ.

ಗೋಡೆಯ ಮೇಲೆ ಇಳಿಯುವ ಕಪ್ಪು ಗೆರೆಗಳಿಗೆ ನೀವು ಹೆದರಬೇಕಿಲ್ಲ, ಅವು ಚಾವಣಿಯ ಧೂಳೂ ರಬ್ಬರ್ ಹೊದಿಕೆಯ ಪುಡಿಯೂ ತೊಳೆದು ಬಂದದ್ದು. ಕಿತ್ತಳೆ ಅಥವಾ ಕಂದು ಗೆರೆ ಹಾಗಲ್ಲ. ಅದರ ಮೇಲ್ತುದಿಯಲ್ಲಿ ಕೊಳೆಯುತ್ತಿರುವ ಒಂದು ಸ್ಕ್ರೂ ಅಥವಾ ಸ್ಟೇಪಲ್ ಇದ್ದೇ ಇರುತ್ತದೆ.

ಇಲ್ಲಿ ಮಾಲೀಕರು ಮಾಡುವ ಎರಡನೆಯ ತಪ್ಪು ಸುಮ್ಮನಿರುವುದಕ್ಕಿಂತ ಕೆಟ್ಟದ್ದು. ಸೋರುವುದು ಕಂಡ ಕೂಡಲೇ ಸಿಕ್ಕಿದ ಸಿಲಿಕಾನ್ ಟ್ಯೂಬ್ ತಂದು ಮೇಲಿಂದ ಮೇಲೆ ಸವರುತ್ತಾರೆ. ಒಣಗಿದ ಹಳೆಯ ಪದರದ ಮೇಲೆ ಅದು ಹೆಚ್ಚು ದಿನ ಹಿಡಿಯುವುದಿಲ್ಲ, ಅಂಚಿನಲ್ಲಿ ಎದ್ದು ಒಳಗೆ ನೀರನ್ನು ಹಿಡಿದಿಡುವ ಜೇಬಾಗುತ್ತದೆ. ಮುಂದೆ ಸರಿಯಾದ ಸೀಲಂಟ್ ಹಾಕಲು ಹೊರಟರೆ ಸಿಲಿಕಾನಿನ ಅಂಶ ಉಳಿದಲ್ಲಿ ಅದೂ ಅಂಟುವುದಿಲ್ಲ. ಚಾವಣಿ ಇಪಿಡಿಎಂ ಎಂಬ ಕೃತಕ ರಬ್ಬರಿನದಾಗಿದ್ದರೆ ಪೆಟ್ರೋಲಿಯಂ ಮೂಲದ ದ್ರಾವಕವಾಗಲಿ ಅಂಟಾಗಲಿ ಅದಕ್ಕೆ ತಾಗಬಾರದು, ರಬ್ಬರ್ ಊದಿಕೊಂಡು ಏಳುತ್ತದೆ. ಕಿಟಕಿಯ ಚೌಕಟ್ಟಿನ ಕೆಳಗಿರುವ ಸಣ್ಣ ಕಿಂಡಿಗಳನ್ನು ಸೋರುವ ತೂತುಗಳೆಂದು ತಿಳಿದು ಮುಚ್ಚಿಬಿಡುವವರನ್ನೂ ನಾನು ನೋಡಿದ್ದೇನೆ. ಅವು ಇರುವುದೇ ನೀರು ಹೊರಗೆ ಹೋಗಲೆಂದು. ಮುಚ್ಚಿದರೆ ಕಿಟಕಿಯ ತೋಡಿನಲ್ಲಿ ತುಂಬಿದ ನೀರು ಗೋಡೆಯೊಳಗೆ ಇಳಿಯುತ್ತದೆ. ಮಾಡಬೇಕಾದ ಕೆಲಸ ಬೇಸರದ್ದೇ ಆದರೂ ಸರಳವಾದದ್ದು: ವರ್ಷಕ್ಕೆ ಎರಡು ಸಲ ಚಾವಣಿಯ ಪ್ರತಿಯೊಂದು ಕೂಡುಗೆರೆಯನ್ನೂ ಬೆರಳಿನಿಂದ ಒತ್ತಿ ನೋಡುವುದು, ಬಿರುಕು ಬಿಟ್ಟ ಸೀಲಂಟನ್ನು ಪೂರ್ತಿ ಕೆರೆದು ತೆಗೆದು, ಆ ಹೊದಿಕೆಗೆ ಹೊಂದುವ ಸೀಲಂಟನ್ನು ಒಣಗಿದ ಮೈಮೇಲೆ ಹೊಸದಾಗಿ ಹಾಕುವುದು, ವಿನೈಲ್ ಎಳೆ ಕುಗ್ಗಿದ್ದರೆ ಬದಲಿಸುವುದು.

ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆ ಎಲ್ಲ ಕಡೆ ಇದೆ, ಮತ್ತು ಅದರಲ್ಲಿ ಅರ್ಧ ಸತ್ಯವೂ ಇದೆ. ಗಾಳಿ ತಾಗಿದ ಕ್ಷಣವೇ ಅಲ್ಯೂಮಿನಿಯಂ ಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟುತ್ತದೆ, ಗೀಚಿದರೆ ಮತ್ತೆ ಕಟ್ಟುತ್ತದೆ. ಆದರೆ ಆ ಪೊರೆ ನಿಲ್ಲುವುದು ತೀರ ಆಮ್ಲೀಯವೂ ತೀರ ಕ್ಷಾರೀಯವೂ ಅಲ್ಲದ ಕಡೆ, ಸುಮಾರು ಪಿಎಚ್ 4ರಿಂದ 8.5ರೊಳಗೆ, ಉಪ್ಪಿನ ಕ್ಲೋರೈಡ್ ಬಂದರೆ ಅದು ಅಲ್ಲಲ್ಲಿ ತೂತು ಬೀಳುತ್ತದೆ. ಪೊರೆ ಒಡೆದಲ್ಲಿ ಲೋಹ ಆಳಕ್ಕೆ ಕೊರೆಯುತ್ತಾ ಹೋಗಿ, ಬಾಯಿಯಲ್ಲಿ ಬಿಳಿ ಪುಡಿಯನ್ನು ಗುಡ್ಡೆ ಹಾಕುತ್ತದೆ. ನೀವು ಕಂಡದ್ದು ಅದನ್ನೇ. ಟ್ರೇಲರಿನ ಹೊರಹೊದಿಕೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸಿನ ತಗಡಾದ್ದರಿಂದ ಕೊರೆತ ಆಚೆ ಬದಿಗೆ ತಲುಪಲು ಹೆಚ್ಚು ದಿನ ಬೇಕಾಗುವುದಿಲ್ಲ.

ಗಮನಿಸಬೇಕಾದದ್ದು, ಆ ರಂಧ್ರಗಳು ಹೆಚ್ಚಾಗಿ ಒಳಗಿನಿಂದ ಹೊರಗೆ ಬಿದ್ದಿರುತ್ತವೆ. ಚಾವಣಿಯ ಅಂಚಿನಿಂದ ಇಳಿದ ನೀರು ಗೋಡೆಯೊಳಗಿನ ಗಾಜಿನ ನಾರಿನ ಹಾಸನ್ನು ನೆನೆಸುತ್ತದೆ, ಹಾಸು ಭಾರವಾಗಿ ಕೆಳಕ್ಕೆ ಜಾರುತ್ತದೆ, ಗೋಡೆಯ ಬುಡದಲ್ಲಿ ತಗಡಿಗೆ ಒತ್ತಿಕೊಂಡು ಕೂರುತ್ತದೆ. ಹುಣ್ಣಿನ ಮೇಲೆ ಬದಲಿಸದೆ ಬಿಟ್ಟ ಒದ್ದೆ ಪಟ್ಟಿಯಂತೆ ಅದು ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಜೊತೆಗೆ ಅಲ್ಲಿ ಉಕ್ಕಿನ ಸ್ಟೇಪಲ್‌ಗಳೂ ಚಾಸಿಯ ಉಕ್ಕೂ ಅದೇ ತಗಡಿಗೆ ತಾಗಿರುತ್ತವೆ. ಬೇರೆ ಬೇರೆ ಜಾತಿಯ ಎರಡು ಲೋಹಗಳು ತಾಗಿಕೊಂಡು, ನಡುವೆ ಉಪ್ಪುನೀರು ಸೇರಿದರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಆಗುತ್ತದೆ, ಮತ್ತು ಆ ಬ್ಯಾಟರಿಯಲ್ಲಿ ಸವೆಯುವುದು ಅಲ್ಯೂಮಿನಿಯಂ. ಸ್ಟೇನ್‌ಲೆಸ್ ಸ್ಕ್ರೂ ಹಾಕಿದರೆ ಎಲ್ಲ ಸರಿಹೋಗುತ್ತದೆಂದು ತಿಳಿದವರು ಇದನ್ನು ನೆನಪಿಡಬೇಕು: ಸ್ಕ್ರೂ ಉಳಿಯುತ್ತದೆ, ಅದರ ಸುತ್ತಲಿನ ತಗಡು ಹೋಗುತ್ತದೆ, ನಡುವೆ ಬ್ಯುಟೈಲ್ ಅಥವಾ ಪ್ಲಾಸ್ಟಿಕ್ ವಾಷರ್ ಇಲ್ಲದಿದ್ದರೆ. ನೆಲ ಬದಲಿಸುವಾಗ ಕೊಳೆಯದಿರಲೆಂದು ತಾಮ್ರದ ಲವಣ ಊಡಿಸಿದ ಪ್ಲೈವುಡ್ ಹಾಕುವುದು ಇನ್ನೂ ದೊಡ್ಡ ಅನಾಹುತ. ಒದ್ದೆಯಾದಾಗ ಆ ತಾಮ್ರ ಹೊರಬಂದು ಅಲ್ಯೂಮಿನಿಯಂ ಮತ್ತು ಉಕ್ಕು ಎರಡನ್ನೂ ತಿನ್ನುತ್ತದೆ. ಒಳ್ಳೆಯ ಹೊರಾಂಗಣ ದರ್ಜೆಯ ಸಾದಾ ಪ್ಲೈವುಡ್‌ನ ಅಂಚುಗಳಿಗೆ ಎಪಾಕ್ಸಿ ಬಳಿದು ಕೂರಿಸುವುದು ಸರಿಯಾದ ದಾರಿ.

ಬಣ್ಣವಿಲ್ಲದ ಹೊಳಪಿನ ಅಲ್ಯೂಮಿನಿಯಂ ಮೈಯಿರುವ ಟ್ರೇಲರ್‌ಗಳಲ್ಲಿ ಇನ್ನೊಂದು ಬಗೆಯ ಕೊರೆತ ಕಾಣುತ್ತದೆ. ತಗಡಿನ ಕತ್ತರಿಸಿದ ಅಂಚಿನಿಂದಲೋ ರಿವೆಟ್ಟಿನ ಸುತ್ತಲಿಂದಲೋ ಹೊರಟು, ಪಾರದರ್ಶಕ ಲೇಪನದ ಅಡಿಯಲ್ಲಿ ಹುಳು ಹರಿದಂತೆ ನೂಲಿನ ಗೆರೆಗಳು ಹಬ್ಬುತ್ತವೆ. ಅಂಚುಗಳನ್ನು ತೊಳೆದು ಮೇಣದಿಂದ ಮುಚ್ಚಿಟ್ಟರೆ ಅದು ನಿಧಾನವಾಗುತ್ತದೆ. 1930ರ ದಶಕದಲ್ಲಿ ಅಮೆರಿಕದ ವಾಲಿ ಬಯಮ್ ಅವರು ಕಟ್ಟಿಸಿದ, ಇಂಥದ್ದೇ ಹೊಳಪಿನ ಮೈಯ ಏರ್‌ಸ್ಟ್ರೀಮ್ ಟ್ರೇಲರ್‌ಗಳಲ್ಲಿ ಕೆಲವು ಇಂದಿಗೂ ಉಳಿದಿವೆ ಎಂಬುದನ್ನು ನಾನು ಹಲವು ಮಾಲೀಕರಿಗೆ ಧೈರ್ಯ ತುಂಬಲು ಹೇಳುವುದುಂಟು. ಲೋಹ ಅಷ್ಟು ಕಾಲ ಬಾಳಬಲ್ಲದು, ನೋಡಿಕೊಳ್ಳುವವರು ಇದ್ದರೆ.

ಇನ್ನು ಆ ಕೊನೆಯ ಪ್ರವಾಸ. ನಿಮ್ಮ ಗಾಡಿಗೆ ಆದ ಅತಿ ದೊಡ್ಡ ಅನ್ಯಾಯ, ನನ್ನ ದೃಷ್ಟಿಯಲ್ಲಿ, ಸಮುದ್ರ ತೀರದಿಂದ ಬಂದವರು ಅದರ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಯದೆ ನಿಲ್ಲಿಸಿದ್ದು. ಶುದ್ಧವಾದ ಉಕ್ಕಿನ ಮೈಗೆ ಗಾಳಿಯ ಆರ್ದ್ರತೆ ಸುಮಾರು ಶೇಕಡ 60 ದಾಟುವವರೆಗೆ ತುಕ್ಕು ವೇಗ ಪಡೆಯುವುದಿಲ್ಲ. ಉಪ್ಪು ಕೂತ ಮೈಯ ಕಥೆ ಬೇರೆ. ಅಡುಗೆಯ ಉಪ್ಪು ಶೇಕಡ 75ರ ಆರ್ದ್ರತೆಯಲ್ಲಿ ಗಾಳಿಯ ತೇವ ಹೀರಿ ತಾನೇ ನೀರಾಗುತ್ತದೆ; ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಷಿಯಂ ಕ್ಲೋರೈಡ್‌ಗೆ ಶೇಕಡ 33 ಸಾಕು. ಮಂಜು ಬೀಳುವ ದೇಶಗಳಲ್ಲಿ ರಸ್ತೆಗೆ ಚೆಲ್ಲುವ ಕ್ಯಾಲ್ಸಿಯಂ ಕ್ಲೋರೈಡ್ ಸಹ ಹೆಚ್ಚುಕಡಿಮೆ ಅಷ್ಟರಲ್ಲೇ ಕರಗುತ್ತದೆ. ಎಂದರೆ ನಮಗೆ ಒಣಹವೆ ಎನ್ನಿಸುವ ಮಧ್ಯಾಹ್ನದಲ್ಲೂ ನಿಮ್ಮ ಚಾಸಿಯ ಮೇಲೆ ಉಪ್ಪುನೀರಿನ ತೆಳುಪೊರೆ ಇತ್ತು. ಈ ಉಪ್ಪು ತಾನು ಸವೆಯದೆ ಕೆಲಸ ಮಾಡುತ್ತದೆ. ತೊಳೆದು ತೆಗೆಯುವವರೆಗೆ ಹೋಗುವುದಿಲ್ಲ. ಮನೆಗೆ ಬಂದ ದಿನವೇ, ಹೆಚ್ಚು ಒತ್ತಡವಿಲ್ಲದ ಸಾದಾ ನೀರಿನಿಂದ, ಚಕ್ರದ ಒಳಬದಿ, ಸ್ಪ್ರಿಂಗ್‌ಗಳ ನಡು, ಅಡ್ಡತೊಲೆಗಳ ಮೇಲ್ಮೈ, ಕೊಂಡಿಯ ಮೂತಿ, ಇಷ್ಟನ್ನು ಅರ್ಧ ಗಂಟೆ ತೊಳೆದಿದ್ದರೆ ಮುಂದಿನ ಐದು ವರ್ಷಗಳ ಹಾನಿ ಬಹಳಷ್ಟು ಕಡಿಮೆಯಾಗುತ್ತಿತ್ತು. ಒತ್ತಡದ ಯಂತ್ರದಿಂದ ಕೂಡುಗೆರೆಗಳಿಗೆ ಗುರಿಯಿಟ್ಟು ಹೊಡೆಯುವುದು ಮಾತ್ರ ಬೇಡ, ನೀರನ್ನು ನಾವೇ ಒಳಗೆ ತುರುಕಿದಂತಾಗುತ್ತದೆ.

ಹುಲ್ಲಿನ ನೆಲ ಹಗಲು ರಾತ್ರಿ ತೇವವನ್ನು ಮೇಲಕ್ಕೆ ಬಿಡುತ್ತಲೇ ಇರುತ್ತದೆ, ಮುಂಜಾನೆ ಗಾಡಿಯ ಅಡಿಯ ತಣ್ಣನೆಯ ಉಕ್ಕಿನ ಮೇಲೆ ಅದೇ ಇಬ್ಬನಿಯಾಗಿ ಕೂರುತ್ತದೆ. ಎತ್ತರ ಬೆಳೆದ ಹುಲ್ಲು ಗಾಳಿಯನ್ನೂ ತಡೆಯುತ್ತದೆ. ಟಾರ್ಪಾಲಿನ್ ಮೇಲಿಂದ ಬರುವ ನೀರನ್ನು ತಡೆದಂತೆಯೇ ಕೆಳಗಿಂದ ಏಳುವ ಆವಿಯನ್ನೂ ಹಿಡಿದಿಡುತ್ತದೆ; ಗಾಳಿಗೆ ಬಡಿದಾಡಿ ಮೂಲೆಗಳ ಬಣ್ಣವನ್ನು ಉಜ್ಜಿ ಹಾಕುತ್ತದೆ. ಉಸಿರಾಡುವ ಬಟ್ಟೆಯ ಹೊದಿಕೆ ಸಿಗುತ್ತದೆ. ಇಲ್ಲವಾದರೆ ಸುತ್ತ ತೆರೆದ ಒಂದು ಮಾಡಿನ ಕೆಳಗೆ, ಜಲ್ಲಿ ಅಥವಾ ಕಾಂಕ್ರೀಟ್ ನೆಲದ ಮೇಲೆ, ಒಂದು ತುದಿ ಸ್ವಲ್ಪ ಎತ್ತರವಾಗಿ ಚಾವಣಿಯ ನೀರು ಹರಿದುಹೋಗುವಂತೆ ನಿಲ್ಲಿಸುವುದು ಎಲ್ಲಕ್ಕಿಂತ ಒಳ್ಳೆಯದು. ಏನೂ ಹೊದಿಸದೆ ಬಿಟ್ಟರೂ ಬಿಗಿದು ಕಟ್ಟಿದ ಟಾರ್ಪಾಲಿನ್‌ಗಿಂತ ಮೇಲು ಎಂಬುದು ನನ್ನ ಅನುಭವ.

ನೀರು ಹೊರಗಿನಿಂದಲೇ ಬರಬೇಕೆಂದಿಲ್ಲ. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರು ಆವಿಯಾಗಿ ಹೊರಬರುತ್ತದೆ. ಕಿಟಕಿ ಮುಚ್ಚಿ ಒಲೆ ಉರಿಸಿದರೆ ಅಷ್ಟೂ ನೀರು ಗೋಡೆಯ ತಣ್ಣನೆಯ ಲೋಹದ ಮೇಲೆ, ಕಪಾಟಿನ ಹಿಂದೆ, ಹಾಸಿಗೆಯ ಅಡಿಯಲ್ಲಿ ಹನಿಗಟ್ಟುತ್ತದೆ. ಆರು ವರ್ಷ ಓಡಾಡಿದ ಕಾಲದಲ್ಲಿ ಮೇಲಿನ ಗಾಳಿಕಿಂಡಿಯನ್ನು ತೆರೆದು ಅಡುಗೆ ಮಾಡುತ್ತಿದ್ದಿರೋ ಇಲ್ಲವೋ ನೆನಪಿಸಿಕೊಳ್ಳಿ.

ಈಗ ಚೌಕಟ್ಟಿನ ವಿಷಯ. ಗಾಡಿಯನ್ನು ಎಳೆಯುವ ಮಾತು ಬರುವುದಕ್ಕೆ ಮುಂಚೆ ಇದೊಂದು ಇತ್ಯರ್ಥವಾಗಬೇಕು. ತುಕ್ಕು ತಾನು ತಿಂದ ಉಕ್ಕಿಗಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ, ಆದ್ದರಿಂದ ಹಕ್ಕಳೆ ದಪ್ಪವಾಗಿ ಕಂಡಷ್ಟು ಉಕ್ಕು ಹೋಗಿರುವುದಿಲ್ಲ. ಇದು ಸಮಾಧಾನದ ಮಾತು. ಆದರೆ ಎರಡು ತಗಡುಗಳ ಸಂದಿಯಲ್ಲಿ, ಚಕ್ರದ ಸ್ಪ್ರಿಂಗನ್ನು ಚೌಕಟ್ಟಿಗೆ ಹಿಡಿದಿಡುವ ಹ್ಯಾಂಗರಿನ ಬೆಸುಗೆಯ ಹಿಂದೆ, ಅದೇ ಹಿಗ್ಗುವಿಕೆ ಬೆಣೆ ಹೊಡೆದಂತೆ ಕೆಲಸ ಮಾಡಿ ಬೆಸುಗೆಯನ್ನು ಸೀಳುತ್ತದೆ. ಚೌಕಾಕಾರದ ಕೊಳವೆಯಿಂದ ಮಾಡಿದ ಚೌಕಟ್ಟಾದರೆ ಹೊರಗಿನ ಹಕ್ಕಳೆಗಿಂತ ಒಳಗಿನ ಮೌನ ಹೆಚ್ಚು ಅಪಾಯಕಾರಿ. ತೆರೆದ ತುದಿಯಿಂದ ನುಗ್ಗಿದ ನೀರಿಗೆ ಕೆಳಗೊಂದು ತೂತಿಲ್ಲದಿದ್ದರೆ ಅಥವಾ ಆ ತೂತು ಮಣ್ಣಿನಿಂದ ಮುಚ್ಚಿದ್ದರೆ, ಕೊಳವೆ ಒಳಗಿನಿಂದ ತೆಳ್ಳಗಾಗುತ್ತಾ ಬರುತ್ತದೆ.

ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ಉಕ್ಕು ಗಂಟೆಯಂತೆ ಸ್ವರ ಕೊಡುತ್ತದೆ, ಸತ್ತ ಉಕ್ಕು ಡಬ್ ಎನ್ನುತ್ತದೆ. ಎಲ್ಲಿ ಸ್ವರ ಬದಲಾಯಿತೋ ಅಲ್ಲಿ ಸ್ಕ್ರೂಡ್ರೈವರಿನ ತುದಿಯಿಂದ ಬಲವಾಗಿ ಒತ್ತಿ. ಒಳಗೆ ಹೋದರೆ ಆ ಭಾಗವನ್ನು ಕತ್ತರಿಸಿ ಹೊಸ ಉಕ್ಕು ಬೆಸೆಯಬೇಕು, ಬಣ್ಣ ಬಳಿದು ಮುಚ್ಚುವ ಪ್ರಶ್ನೆಯೇ ಇಲ್ಲ. ಮುಖ್ಯವಾಗಿ ನೋಡಬೇಕಾದ ಕಡೆಗಳೆಂದರೆ ಸ್ಪ್ರಿಂಗ್ ಹ್ಯಾಂಗರುಗಳ ಸುತ್ತ, ಎಳೆಯುವ ಮೂತಿಯ ತೊಲೆಗಳು ಚೌಕಟ್ಟನ್ನು ಸೇರುವಲ್ಲಿ, ಮೆಟ್ಟಿಲು ಬಿಗಿದ ಜಾಗ, ಕೊಳಕುನೀರಿನ ಟ್ಯಾಂಕಿನ ಆಧಾರಪಟ್ಟಿಗಳು. ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಸಣ್ಣ ತುಕ್ಕಿನ ಗೆರೆ ನೇರವಾಗಿ ಕಂಡರೆ ಅದು ಬಿರುಕು ಎಂದೇ ತಿಳಿಯಬೇಕು.

ಉಕ್ಕು ಗಟ್ಟಿಯಾಗಿರುವ ಕಡೆ ಹಕ್ಕಳೆಯನ್ನು ಪೂರ್ತಿ ಕೆರೆದು ತೆಗೆದು, ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಬರಿಲೋಹ ಕಾಣುವಷ್ಟು ಉಜ್ಜಲು ಸಾಧ್ಯವಾದಲ್ಲಿ ಸತುವಿನಂಶ ಹೆಚ್ಚಿರುವ ಪ್ರೈಮರ್ ಹಚ್ಚಿ. ಸಾಧ್ಯವಾಗದ ಮೂಲೆಗಳಲ್ಲಿ ಫಾಸ್ಫಾರಿಕ್ ಅಥವಾ ಟ್ಯಾನಿಕ್ ಆಮ್ಲದ ತುಕ್ಕು ಪರಿವರ್ತಕ ಬಳಸಬಹುದು. ತೆಳುವಾಗಿ ಅಂಟಿದ ತುಕ್ಕಿಗೆ ಅದು ಹಿಡಿಯುತ್ತದೆ, ಏಳುವ ಹಕ್ಕಳೆಯ ಮೇಲೆ ಬಳಿದರೆ ವ್ಯರ್ಥ. ಲೋಹದ ಮೈ ಇಬ್ಬನಿ ಬಿಂದುವಿಗಿಂತ, ಎಂದರೆ ಗಾಳಿಯ ತೇವ ಹನಿಗಟ್ಟುವ ಉಷ್ಣತೆಗಿಂತ, ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರುವಾಗಲೇ ಬಣ್ಣ ಹಚ್ಚಬೇಕು, ಇಲ್ಲವಾದರೆ ಕಣ್ಣಿಗೆ ಕಾಣದ ತೇವದ ಮೇಲೆ ಬಳಿದಂತಾಗುತ್ತದೆ. ತುಕ್ಕಿನ ಮೇಲೇ ದಪ್ಪ ಡಾಂಬರಿನಂಥ ಅಥವಾ ರಬ್ಬರಿನ ಲೇಪನ ಬಳಿಸಿ ನೆಮ್ಮದಿಯಾಗಿರುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ. ಅದು ಒಂದು ಕಡೆ ಬಿರಿದರೆ ಸಾಕು, ಒಳಹೊಕ್ಕ ನೀರು ಅದರಡಿಯಲ್ಲೇ ಉಳಿದು, ಉಕ್ಕು ಕರಗುತ್ತಿರುವುದು ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ಕೊಳವೆಯ ಒಳಗೆ ಮೇಣ ಅಥವಾ ಲ್ಯಾನೊಲಿನ್ (ಕುರಿಯುಣ್ಣೆಯ ಜಿಡ್ಡು) ಮೂಲದ, ಹರಿಯುವ ಎಣ್ಣೆಯಂಥ ಲೇಪನವನ್ನು ಸಿಂಪಡಿಸಿ, ಎರಡು ವರ್ಷಕ್ಕೊಮ್ಮೆ ಮತ್ತೆ ಹಾಕುವುದು ಹೆಚ್ಚು ಪ್ರಾಮಾಣಿಕವಾದ ರಕ್ಷಣೆ. ಬೆಸುಗೆ ಮಾಡಿಸುವ ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ಪಕ್ಕದಲ್ಲಿ ಗ್ಯಾಸಿನ ಕೊಳವೆ ಹಾದುಹೋಗಿದೆಯೇ ನೋಡಿ. ಆ ಕೊಳವೆಯೂ ಉಕ್ಕಿನದೇ ಆಗಿದ್ದು ಹಿಡಿಕೆಗಳ ಅಡಿಯಲ್ಲಿ ತುಕ್ಕು ಹಿಡಿದಿದ್ದರೆ, ಸೋರಿಕೆ ಪರೀಕ್ಷೆ ಆಗುವವರೆಗೆ ಸಿಲಿಂಡರ್ ತೆರೆಯಬೇಡಿ.

ಉರಿಯದ ದೀಪ ನಿಮಗೆ ಸಣ್ಣ ವಿಷಯವೆಂದು ಕಂಡಿರಬಹುದು. ಟ್ರೇಲರಿನ 12 ವೋಲ್ಟ್ ವಿದ್ಯುತ್ತಿನ ಮರುದಾರಿ ಹಲವೆಡೆ ಚಾಸಿಯ ಮೂಲಕವೇ ಹೋಗುತ್ತದೆ; ಒಂದು ತಂತಿಯ ತುದಿಯನ್ನು ಉಕ್ಕಿಗೆ ಸ್ಕ್ರೂ ಹಾಕಿ ಬಿಗಿದಿರುತ್ತಾರೆ. ಆ ಸ್ಕ್ರೂ ಕೆಳಗೆ ತುಕ್ಕು ಹಬ್ಬಿದರೆ ದೀಪ ಮಂಕಾಗುತ್ತದೆ, ಆಮೇಲೆ ಆರುತ್ತದೆ. ವಿದ್ಯುತ್ ಬ್ರೇಕುಗಳ ಮರುದಾರಿಯೂ ಹೀಗೆ ಚಾಸಿಯನ್ನೇ ನೆಚ್ಚಿಕೊಂಡಿದ್ದರೆ, ದೀಪವನ್ನು ಆರಿಸಿದ ತುಕ್ಕೇ ಬ್ರೇಕನ್ನೂ ಸಡಿಲಗೊಳಿಸಿರುತ್ತದೆ. ದೀಪವಾದರೆ ಕಾಣುತ್ತದೆ, ಬ್ರೇಕಿನ ದೌರ್ಬಲ್ಯ ಇಳಿಜಾರಿನಲ್ಲಿ ಮಾತ್ರ ಗೊತ್ತಾಗುತ್ತದೆ. ಪ್ರತಿಯೊಂದು ಸ್ಕ್ರೂ ಬಿಚ್ಚಿ, ಉಕ್ಕನ್ನು ಹೊಳೆಯುವಂತೆ ಉಜ್ಜಿ, ತವರ ಲೇಪಿತ ಹೊಸ ತುದಿ ಹಾಕಿ, ಮೇಲೆ ಗ್ರೀಸ್ ಸವರಿ ಬಿಗಿಯಿರಿ. ಬ್ರೇಕ್ ಡ್ರಮ್‌ಗಳನ್ನು ಕಳಚಿದಾಗ ಒಳಮೈಯ ತುಕ್ಕು, ವಿದ್ಯುತ್ ಬ್ರೇಕಿನ ಅಯಸ್ಕಾಂತಗಳ ಓಡಾಟ, ಬೇರಿಂಗ್‌ಗಳ ಗ್ರೀಸ್ ಎಲ್ಲವನ್ನೂ ನೋಡಿ. ಬೇರಿಂಗ್‌ಗೆ ವರ್ಷಕ್ಕೊಮ್ಮೆ ಗ್ರೀಸ್ ಬದಲಿಸಬೇಕೆಂಬುದು ಓಡಿಸದ ಗಾಡಿಗೂ ಅನ್ವಯಿಸುತ್ತದೆ. ನೀರು ಸೇರಿದ ಹಳೆಯ ಗ್ರೀಸಿನಲ್ಲಿ ನಿಂತ ರೋಲರುಗಳು ನಿಂತಲ್ಲೇ ಗುಳಿ ಬೀಳುತ್ತವೆ. ಎಳೆಯುವ ವಾಹನದಿಂದ ಗಾಡಿ ಕಳಚಿಕೊಂಡಾಗ ಬ್ರೇಕ್ ಹಾಕುವ ತುರ್ತು ಸ್ವಿಚ್ಚಿನ ಪಿನ್ನು ಒಳಗೆ ಕಚ್ಚಿಕೊಂಡಿಲ್ಲವೆಂದು ಕೈಯಿಂದ ಎಳೆದು ಖಚಿತಪಡಿಸಿಕೊಳ್ಳಿ.

ಬಿಸಿನೀರಿನ ಟ್ಯಾಂಕ್ ಉಕ್ಕಿನದಾದರೆ ಅದರೊಳಗೆ ಮೆಗ್ನೀಷಿಯಂ ಅಥವಾ ಅಲ್ಯೂಮಿನಿಯಂ ಸರಳೊಂದಿರುತ್ತದೆ, ಟ್ಯಾಂಕಿನ ಬದಲು ತಾನು ಸವೆಯಲೆಂದೇ ಇಟ್ಟದ್ದು. ಮುಕ್ಕಾಲು ಭಾಗ ಸವೆದಾಗ ಬದಲಿಸಬೇಕು. ಐದು ವರ್ಷ ನೀರು ತುಂಬಿಟ್ಟಿದ್ದರೆ ಬರಿ ತಂತಿ ಉಳಿದಿರುವ ಸಂಭವವೇ ಹೆಚ್ಚು. ಟ್ಯಾಂಕ್ ತಣ್ಣಗಿದ್ದು, ಒತ್ತಡ ಬಿಟ್ಟ ಮೇಲೆ ಮಾತ್ರ ಅದನ್ನು ಬಿಚ್ಚಿ. ಮೂತಿಯ ಮೇಲಿನ ಬ್ಯಾಟರಿ ಸೀಸ-ಆಮ್ಲದ್ದಾಗಿದ್ದರೆ ಅದರ ತಟ್ಟೆಯನ್ನು ಅಡಿಗೆ ಸೋಡಾ ಕರಗಿಸಿದ ನೀರಿನಿಂದ ತೊಳೆದು ಕೆಳಗಿನ ಉಕ್ಕನ್ನು ನೋಡಿ.

ನಿಮ್ಮ ಪ್ರಶ್ನೆಯ ಕೊನೆಯ ಭಾಗಕ್ಕೆ ಉತ್ತರ ಈ ಕ್ರಮದಲ್ಲಿ ಸಿಗುತ್ತದೆ. ಟಾರ್ಪಾಲಿನ್ ಇಂದೇ ತೆಗೆಯಿರಿ, ಕಿಟಕಿಗಳನ್ನು ತೆರೆಯಿರಿ, ಗಾಡಿಯನ್ನು ಎತ್ತಿ ಆಧಾರದ ಮೇಲೆ ನಿಲ್ಲಿಸಿ ಅಡಿಯನ್ನು ತೊಳೆಯಿರಿ. ಎರಡು ವಾರ ಒಣಗಿದ ಮೇಲೆ ತೇವಮಾಪಕದಿಂದ ಗೋಡೆಯ ಮೂಲೆಗಳನ್ನೂ ನೆಲವನ್ನೂ ಅಳೆಯಿರಿ. ಮರದ ತೇವ ಶೇಕಡ 15ರೊಳಗಿದ್ದರೆ ಚಿಂತೆಯಿಲ್ಲ, 20 ದಾಟಿದರೆ ಅಲ್ಲಿ ಕೊಳೆತ ನಡೆಯುತ್ತಿದೆ ಎಂದುಕೊಂಡು ಒಳಗೋಡೆಯನ್ನು ಬಿಚ್ಚಬೇಕು. ಆಮೇಲೆ ಚೌಕಟ್ಟು. ಉದ್ದ ತೊಲೆಗಳು ಸ್ವರ ಕೊಟ್ಟು, ಹ್ಯಾಂಗರುಗಳ ಬಳಿ ಬಿರುಕಿಲ್ಲದಿದ್ದರೆ, ನೀವು ಬರೆದಿರುವ ಉಳಿದ ಎಲ್ಲವೂ ತಾಳ್ಮೆಯಿಂದ ಸರಿಪಡಿಸಬಹುದಾದ ಕೆಲಸ: ಅಂಚುಪಟ್ಟಿ ಬಿಚ್ಚಿ ಹೊಸ ಬ್ಯುಟೈಲ್, ಕೆಳಸಾಲಿನ ತಗಡು, ಬಾಗಿಲ ಬಳಿಯ ಎರಡು ಮೂರು ಅಡಿ ನೆಲ. ಚಾವಣಿಯಿಂದಲೇ ಶುರು ಮಾಡಿ, ಮೇಲೆ ಸೋರುತ್ತಿರುವಾಗ ಕೆಳಗೆ ಹಾಕಿದ ಹೊಸ ಮರ ಉಳಿಯುವುದಿಲ್ಲ. ಉದ್ದ ತೊಲೆಯೇ ಎರಡು ಮೂರು ಕಡೆ ಸ್ಕ್ರೂಡ್ರೈವರಿಗೆ ಸೋತಿದ್ದರೆ, ಮೇಲ್ಮನೆಯನ್ನು ಎತ್ತಿ ಹೊಸ ಚೌಕಟ್ಟಿನ ಮೇಲೆ ಕೂರಿಸುವಷ್ಟು ಪ್ರೀತಿ ನಿಮಗೆ ಆ ಗಾಡಿಯ ಮೇಲಿದೆಯೇ ಎಂದು ಮನೆಯವರೆಲ್ಲ ಕೂತು ಮಾತಾಡಬೇಕಾಗುತ್ತದೆ. ಅಲ್ಲಿಯವರೆಗೆ ಅದನ್ನು ಯಾವ ವಾಹನಕ್ಕೂ ಕೊಂಡಿ ಹಾಕಿ ರಸ್ತೆಗೆ ಇಳಿಸಬೇಡಿ, ರಿಪೇರಿ ಮಾಡುವವರ ಅಂಗಳದವರೆಗೂ ಬೇಡ. ಅವರನ್ನೇ ನಿಮ್ಮಲ್ಲಿಗೆ ಕರೆಸಿ, ಇಲ್ಲವೇ ಬೇರೊಂದು ಸಾಗಣೆ ವಾಹನದ ಮೇಲೆ ಹೇರಿ ಕಳುಹಿಸಿ.